ಕೊಂಬು, ತುಂಬಡಿ, ಹಿಜಾಮಾ: ಒಂದು ಹಳೆಯ ಚಿಕಿತ್ಸೆಯ ಚರಿತ್ರೆ

ಇತ್ತೀಚಿನ ವರ್ಷಗಳಲ್ಲಿ ಜಿಲ್ಲಾ ಸ್ಥಳಗಳಲ್ಲಿಯೂ ತಾಲೂಕು ಪಟ್ಟಣಗಳಲ್ಲಿಯೂ ಫಿಜಿಯೋಥೆರಪಿಯ ದವಾಖಾನೆಗಳು ಹೆಚ್ಚುತ್ತಲಿವೆ. ಬೆನ್ನುನೋವು, ಕತ್ತುನೋವು, ಮೊಣಕಾಲುನೋವು ಮೊದಲಾದ ಬಹುಕಾಲದ ಬಾಧೆಗಳಿಗಾಗಿ ಅಲ್ಲಿಗೆ ಹೋದವರಿಗೆ ವ್ಯಾಯಾಮ, ಶಾಖ, ಮಾಲೀಸುಗಳ ಜೊತೆಗೆ ಕೆಲವೆಡೆ ‘ಕಪ್ಪಿಂಗ್’ ಎಂಬ ಉಪಚಾರವನ್ನೂ ಮಾಡುವುದುಂಟು. ಗಾಜಿನ ಇಲ್ಲವೆ ಪ್ಲಾಸ್ಟಿಕ್ಕಿನ ಸಣ್ಣ ಬಟ್ಟಲುಗಳನ್ನು ಚರ್ಮದ ಮೇಲೆ ಬೋರಲಾಗಿಟ್ಟು, ಒಳಗಿನ ಗಾಳಿಯನ್ನು ಕಡಿಮೆ ಮಾಡಿ, ಕೆಲವು ನಿಮಿಷಗಳವರೆಗೆ ಹಾಗೆಯೇ ಬಿಡುವುದು ಇದರ ಕ್ರಮ. ೨೦೧೬ರಲ್ಲಿ ರಿಯೊ ಒಲಿಂಪಿಕ್ ಪಂದ್ಯಗಳಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್‌ನ ಭುಜದ ಮೇಲಿನ ನೇರಳೆ ಬಣ್ಣದ ದುಂಡು ಗುರುತುಗಳನ್ನು ಜಗತ್ತು ನೋಡಿದ ಮೇಲೆ ಈ ಹೆಸರು ಶಾಲಾಬಾಲಕರ ಬಾಯಲ್ಲಿಯೂ ಬಂದಿತು.

ಇದರ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇದು ಸಾವಿರಾರು ವರ್ಷಗಳ ವಿದ್ಯೆ, ಆದುದರಿಂದ ಇದರಲ್ಲಿ ಸತ್ಯವಿರಲೇಬೇಕು ಎನ್ನುವರು ಕೆಲವರು. ಇದು ಅನಕ್ಷರಸ್ಥರ ಮೂಢ ಆಚಾರ, ಇಂಗ್ಲಿಷ್ ಹೆಸರು ತೊಟ್ಟು ಮರಳಿ ಬಂದಿದೆ ಎನ್ನುವರು ಮತ್ತೆ ಕೆಲವರು. ಈ ಎರಡು ಪಕ್ಷದವರೂ ಚರಿತ್ರೆಯ ಹೆಸರನ್ನು ಹೇಳುತ್ತಾರೆಯೇ ಹೊರತು ಚರಿತ್ರೆಯನ್ನು ತೆರೆದು ನೋಡುವುದಿಲ್ಲ. ತೆರೆದು ನೋಡಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಉಪಕರಣ ಒಂದೇ ಆಗಿ ಉಳಿದರೂ ಅದನ್ನು ವಿವರಿಸುವ ಸಿದ್ಧಾಂತಗಳು ದೇಶದಿಂದ ದೇಶಕ್ಕೆ ಬೇರೆಯಾಗಿದ್ದವು. ಎರಡನೆಯದು, ಈ ಕೆಲಸವನ್ನು ಮಾಡಿದ ಕೈಗಳಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ಇವೆರಡನ್ನು ಅಧ್ಯಾಪಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಡಿಯ ಶಬ್ದಗಳು

ಗಡಿನಾಡಿನಲ್ಲಿ ಇರುವವರಿಗೆ ಕಷ್ಟಗಳು ಅನೇಕ. ಆದರೆ ಒಂದು ಅನುಕೂಲವೂ ಉಂಟು. ಒಂದೇ ಪದಾರ್ಥಕ್ಕೆ ಮೂರು ನಾಲ್ಕು ಭಾಷೆಗಳ ಹೆಸರುಗಳು ನಮ್ಮ ಕಿವಿಗೆ ಸಹಜವಾಗಿ ಬೀಳುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರ ನೆರೆಯ ಮರಾಠಿಯಲ್ಲಿ ಈ ಚಿಕಿತ್ಸೆಗೆ ‘ತುಂಬಡಿ ಲಾವಣೆ’ ಎಂದು ಹೆಸರು. ತುಂಬಿ ಎಂದರೆ ಸಂಸ್ಕೃತದಲ್ಲಿ ಸೋರೆ. ತುಂಬಡಿ ಎಂದರೆ ಒಣಗಿದ ಸೋರೆಯ ಬುರುಡೆ. ಕಾಸರಗೋಡು, ವಯನಾಡುಗಳ ಕನ್ನಡಿಗರು ನೆರೆಯ ಮಲಯಾಳದಲ್ಲಿ ಕೇಳುವ ಮಾತು ‘ಕೊಂಬು ವೆಕ್ಕಲ್’, ಅಂದರೆ ಕೊಂಬು ಇಡುವುದು. ಹಿಂದಿಯವರು ಇದನ್ನು ‘ಸಿಂಗಿ’ ಎನ್ನುತ್ತಾರೆ. ಇದು ಶೃಂಗ ಶಬ್ದದ ತದ್ಭವ. ಬೀದರ, ರಾಯಚೂರುಗಳ ಆಚೆ ತೆಲಂಗಾಣದ ಉರ್ದು ಬಲ್ಲವರಲ್ಲಿ ಇದು ‘ಹಿಜಾಮಾ’. ಹೀರುವುದು ಎಂಬ ಅರ್ಥದ ಅರಬ್ಬೀ ಧಾತುವಿನಿಂದ ಈ ಶಬ್ದ ಹುಟ್ಟಿದೆ.

ಸೋರೆ, ಕೊಂಬು, ಹೀರುವುದು: ಈ ಮೂರು ಮಾತುಗಳಲ್ಲಿ ಇಡೀ ಚಿಕಿತ್ಸೆಯ ಉಪಕರಣವೂ ಕ್ರಿಯೆಯೂ ಅಡಗಿವೆ. ಗ್ರಂಥಗಳನ್ನು ನೋಡುವ ಮೊದಲೇ ಶಬ್ದಗಳು ನಮಗೆ ದಾರಿಯನ್ನು ತೋರಿಸುತ್ತವೆ.

ಸುಶ್ರುತ ಮತ್ತು ವಾಗ್ಭಟ

ನಮ್ಮ ದೇಶದಲ್ಲಿ ಈ ವಿಷಯವನ್ನು ಕ್ರಮವಾಗಿ ಹೇಳಿರುವ ಪ್ರಾಚೀನ ಗ್ರಂಥ ಸುಶ್ರುತಸಂಹಿತೆ. ಅದರ ಸೂತ್ರಸ್ಥಾನದ ೧೩ನೆಯ ಅಧ್ಯಾಯಕ್ಕೆ ‘ಜಲೌಕಾವಚಾರಣೀಯ’ ಎಂದು ಹೆಸರು. ಜಿಗಣೆಗಳನ್ನು ಹಚ್ಚುವ ವಿಧಿ ಅದರ ಮುಖ್ಯ ವಸ್ತು. ರಕ್ತವನ್ನು ತೆಗೆಯಲು ಅಲ್ಲಿ ಮೂರು ಸಾಧನಗಳನ್ನು ಹೇಳಿದೆ: ಆಕಳ ಕೊಂಬು, ಜಿಗಣೆ ಮತ್ತು ಅಲಾಬು, ಅಂದರೆ ಸೋರೆ. ವಾತದಿಂದ ಕೆಟ್ಟ ರಕ್ತಕ್ಕೆ ಕೊಂಬು, ಪಿತ್ತದಿಂದ ಕೆಟ್ಟುದಕ್ಕೆ ಜಿಗಣೆ, ಕಫದಿಂದ ಕೆಟ್ಟುದಕ್ಕೆ ಸೋರೆ ಎಂದು ವಿಭಾಗ. ಕೊಂಬು ಉಷ್ಣ ಮತ್ತು ಸ್ನಿಗ್ಧ, ಜಿಗಣೆ ನೀರಿನಲ್ಲಿ ಹುಟ್ಟಿದುದರಿಂದ ಶೀತ, ಸೋರೆ ರೂಕ್ಷ ಮತ್ತು ತೀಕ್ಷ್ಣ. ಆದುದರಿಂದ ಒಂದೊಂದೂ ಒಂದೊಂದು ದೋಷಕ್ಕೆ ಪ್ರತಿಕೂಲ ಎಂಬುದು ಅಲ್ಲಿನ ತರ್ಕ. ವಾತವಿಲ್ಲದೆ ನೋವಿಲ್ಲವೆಂಬುದು ಆಯುರ್ವೇದದ ಮತ. ಹೀಗಾಗಿ ನೋವಿಗೂ ಕೊಂಬಿಗೂ ನಮ್ಮ ವೈದ್ಯದಲ್ಲಿ ಅಂದೇ ಸಂಬಂಧ ಕಟ್ಟಲ್ಪಟ್ಟಿದ್ದಿತು.

ಪ್ರಯೋಗಕ್ರಮವನ್ನೂ ಸುಶ್ರುತ ಸಂಕ್ಷೇಪವಾಗಿ ಹೇಳಿದೆ. ಮೊದಲು ಚರ್ಮದ ಮೇಲೆ ಸಣ್ಣ ಗೀರುಗಳನ್ನು ಹಾಕಬೇಕು. ಕೊಂಬಾದರೆ, ತೆಳುವಾದ ಪೊರೆಯನ್ನು ಕಟ್ಟಿ ಬಾಯಿಂದ ಹೀರಬೇಕು. ಸೋರೆಯಾದರೆ, ಒಳಗೆ ದೀಪವನ್ನಿಟ್ಟು ಹಚ್ಚಬೇಕು. ವಾಗ್ಭಟನ ಅಷ್ಟಾಂಗಹೃದಯವು ಇನ್ನೂ ಮುಂದೆ ಹೋಗಿ ಸೋರೆಯ ಅಳತೆಯನ್ನೇ ಕೊಟ್ಟಿದೆ: ಉದ್ದ ೧೨ ಅಂಗುಲ, ಸುತ್ತಳತೆ ೧೮ ಅಂಗುಲ, ಬಾಯಿ ಮೂರು ಅಥವಾ ನಾಲ್ಕು ಅಂಗುಲ. ಕೊಂಬು ಸೋರೆಗಳ ಜೊತೆಗೆ ‘ಘಟೀ’ ಎಂಬ ಗಡಿಗೆಯನ್ನೂ ವಾಗ್ಭಟನು ಸೇರಿಸಿದ್ದಾನೆ. ಅಳತೆ ಕೊಟ್ಟು ಬರೆಯುವವನು ಕೈಯಲ್ಲಿ ಹಿಡಿದು ನೋಡಿದ ವಸ್ತುವನ್ನು ಬರೆಯುತ್ತಿದ್ದಾನೆಂದು ಊಹಿಸಿದರೆ ತಪ್ಪಾಗಲಾರದು.

ಯವನ, ರೋಮ್, ಚೀನ

ಪಶ್ಚಿಮದಲ್ಲಿ ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಈ ಚಿಕಿತ್ಸೆಯ ಉಲ್ಲೇಖವಿದೆ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ಸನು ಎರಡು ಬಗೆಯ ಬಟ್ಟಲುಗಳನ್ನು ವರ್ಣಿಸಿದ್ದಾನೆ. ಒಂದು ಕಂಚಿನದು, ಅದರೊಳಗೆ ಉರಿಯುವ ನಾರನ್ನಿಟ್ಟು ಮೈಗೆ ಒತ್ತುತ್ತಿದ್ದರು. ಇನ್ನೊಂದು ಕೊಂಬಿನದು, ತುದಿಯ ರಂಧ್ರದಿಂದ ಬಾಯಲ್ಲಿ ಹೀರಿ ಮೇಣದಿಂದ ಮುಚ್ಚುತ್ತಿದ್ದರು. ಗೀರು ಹಾಕದೆ ಬರಿಯ ಬಟ್ಟಲನ್ನು ಇಡುವುದು, ಗೀರು ಹಾಕಿ ರಕ್ತ ತೆಗೆಯುವುದು, ಈ ಎರಡು ಪದ್ಧತಿಗಳೂ ಅವನಿಗೆ ಗೊತ್ತಿದ್ದವು. ಇಂದು ಒಣ ಮತ್ತು ಹಸಿ ಕಪ್ಪಿಂಗ್ ಎಂದು ಹೇಳುವ ಭೇದ ಇದೇ. ಪಾಂಪೇಯಿ ನಗರದ ಅವಶೇಷಗಳಲ್ಲಿ ಇಂಥ ಕಂಚಿನ ಬಟ್ಟಲುಗಳು ದೊರೆತಿವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಲ್ಯಾಟಿನ್ನಿನಲ್ಲಿ ಈ ಬಟ್ಟಲಿನ ಹೆಸರು ‘ಕುಕುರ್ಬಿಟುಲ’. ಅದರ ಅರ್ಥ ಸಣ್ಣ ಸೋರೆ. ಗ್ರೀಕಿನ ಹೆಸರೂ ಸೋರೆ, ಸೌತೆಗಳ ಜಾತಿಯ ಕಾಯಿಯಿಂದಲೇ ಬಂದುದು. ರೋಮನರ ಕೈಗೆ ಕಂಚು ಬಂದ ಮೇಲೂ ಹೆಸರಿನಲ್ಲಿ ಸೋರೆ ಉಳಿಯಿತು. ನಮ್ಮ ಅಲಾಬು, ಮರಾಠಿಯ ತುಂಬಡಿ, ರೋಮಿನ ಕುಕುರ್ಬಿಟುಲ ಒಂದೇ ಬಳ್ಳಿಯ ಹೆಸರುಗಳು. ಇದನ್ನು ಕಂಡು, ಅವರು ನಮ್ಮಿಂದ ಕಲಿತರೆಂದಾಗಲಿ ನಾವು ಅವರಿಂದ ಕಲಿತೆವೆಂದಾಗಲಿ ವಾದ ಹೂಡುವುದು ಸುಲಭ. ಆದರೆ ಸೋರೆ ಬೆಳೆಯುವ ನಾಡಿನಲ್ಲಿ ಸೋರೆಯ ಬುರುಡೆ, ದನ ಸಾಕುವ ನಾಡಿನಲ್ಲಿ ಕೊಂಬು ತಾನಾಗಿಯೇ ಕೈಗೆ ಸಿಕ್ಕುವ ಪಾತ್ರೆಗಳು. ಹೋಲಿಕೆ ಒಂದೇ ಸಾಲವನ್ನು ಸಾಧಿಸುವುದಿಲ್ಲ.

ಚೀನ ದೇಶದ ಸಾಕ್ಷಿಯೂ ಇದನ್ನೇ ಹೇಳುತ್ತದೆ. ೧೯೭೩ರಲ್ಲಿ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ. ಪೂ. ೧೬೮ರಲ್ಲಿ ಮುಚ್ಚಿದ ಒಂದು ಸಮಾಧಿಯಿಂದ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಹೊರಬಂದವು. ಅವುಗಳಲ್ಲಿ ಒಂದರಲ್ಲಿ ಮೂಲವ್ಯಾಧಿಗೆ ಸಣ್ಣ ಕೊಂಬನ್ನು ಹಚ್ಚುವ ವಿಧಿಯಿದೆ. ನಾಲ್ಕನೆಯ ಶತಮಾನದ ಗ ಹೋಂಗ್ ಎಂಬ ವಿದ್ವಾಂಸನ ಗ್ರಂಥದಲ್ಲಿಯೂ ಕೊಂಬಿನ ಪ್ರಸ್ತಾಪವಿದೆ. ಮುಂದೆ ಬಿದಿರು ಹೇರಳವಾಗಿದ್ದ ಆ ದೇಶದಲ್ಲಿ ಬಿದಿರಿನ ಅಂಡೆಯೇ ಬಟ್ಟಲಾಯಿತು. ಆದರೆ ಚೀನದ ವೈದ್ಯರು ವಾತ ಪಿತ್ತ ಕಫಗಳನ್ನು ಹೇಳಲಿಲ್ಲ. ‘ಛೀ’ ಎಂಬ ಪ್ರಾಣಶಕ್ತಿಯ ಸಂಚಾರವನ್ನು ಹೇಳಿದರು. ಗ್ರೀಕರು ಹೇಳಿದುದು ನಾಲ್ಕು ರಸಗಳನ್ನು. ಕೊಂಬು ಎಲ್ಲ ಕಡೆಗೂ ಕೊಂಬೇ ಆಗಿದ್ದಿತು. ಅದು ಏಕೆ ಗುಣಕಾರಿ ಎಂಬ ಉತ್ತರ ಮಾತ್ರ ಬೇರೆ ಬೇರೆಯಾಗಿದ್ದಿತು. ಮೂರು ಉತ್ತರಗಳೂ ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲವೆಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಹಜ್ಜಾಮನೆಂಬ ವೈದ್ಯ

ಗ್ರೀಕರ ವೈದ್ಯವನ್ನು ಅರಬ್ಬೀ ಭಾಷೆಯ ವಿದ್ವಾಂಸರು ಕಾಪಾಡಿ ಬೆಳೆಸಿದರು. ನಮ್ಮಲ್ಲಿ ಅದಕ್ಕೆ ಯುನಾನಿ, ಅಂದರೆ ಯವನರದು, ಎಂಬ ಹೆಸರೇ ನಿಂತಿದೆ. ಇಸ್ಲಾಮಿನ ಹದೀಸ್ ಗ್ರಂಥಗಳಲ್ಲಿ ಹಿಜಾಮಾದ ಪ್ರಸ್ತಾಪವಿರುವುದರಿಂದ ಮುಸಲ್ಮಾನ ಸಮಾಜದಲ್ಲಿ ಇದಕ್ಕೆ ವೈದ್ಯದ ಬೆಲೆಯಲ್ಲದೆ ಧಾರ್ಮಿಕ ಮನ್ನಣೆಯೂ ದೊರೆಯಿತು. ಸ್ಪೇನಿನ ಕೊರ್ದೊಬಾ ಪ್ರಾಂತದ ಶಸ್ತ್ರವೈದ್ಯ ಅಲ್-ಜಹ್ರಾವಿ ತನ್ನ ‘ಕಿತಾಬ್ ಅಲ್-ತಸ್ರೀಫ್’ ಗ್ರಂಥದಲ್ಲಿ ಈ ಚಿಕಿತ್ಸೆಯನ್ನು ವಿಸ್ತಾರವಾಗಿ ವರ್ಣಿಸಿದನು. ಇಬ್ನ್ ಸೀನಾ (ಕ್ರಿ. ಶ. ೯೮೦–೧೦೩೭) ತನ್ನ ಮಹಾಗ್ರಂಥ ‘ಕಾನೂನ್’ನಲ್ಲಿ ಇದಕ್ಕೆ ಸ್ಥಾನ ಕೊಟ್ಟನು. ಗೀರು ಹಾಕದ ಹಿಜಾಮಾಕ್ಕೆ ‘ಬಿಲಾ ಶರ್ತ್’ ಎಂದೂ ಗೀರು ಹಾಕುವುದಕ್ಕೆ ‘ಬಿಶ್ ಶರ್ತ್’ ಎಂದೂ ಯುನಾನಿ ವೈದ್ಯರು ಹೇಳುತ್ತಾರೆ.

ದಖ್ಖನಿನಲ್ಲಿ ೧೩೪೭ರಲ್ಲಿ ಬಹಮನಿ ರಾಜ್ಯ ಸ್ಥಾಪಿತವಾಗಿ, ಕಲಬುರ್ಗಿ ಅದರ ರಾಜಧಾನಿಯಾಯಿತು. ಮುಂದೆ ಬೀದರ ರಾಜಧಾನಿಯಾಯಿತು. ಆ ಕಾಲದಿಂದ ಮೊದಲ್ಗೊಂಡು ಅರಬ್ಬೀ, ಪಾರಸಿ ಮಾತುಗಳು ನಮ್ಮ ಭಾಷೆಗೆ ಹೇರಳವಾಗಿ ಹರಿದುಬಂದವು. ಅಂಥ ಮಾತುಗಳಲ್ಲಿ ಒಂದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಹಿಜಾಮಾ ಮಾಡುವವನಿಗೆ ಅರಬ್ಬಿಯಲ್ಲಿ ‘ಹಜ್ಜಾಮ್’ ಎಂದು ಹೆಸರು. ಕ್ಷೌರದ ಕತ್ತಿಯನ್ನು ಹಿಡಿದವನೇ ಗೀರು ಹಾಕುವ ಕೆಲಸವನ್ನೂ ಮಾಡುತ್ತಿದ್ದುದರಿಂದ ಆ ಹೆಸರು ಕ್ರಮೇಣ ಕ್ಷೌರಿಕನಿಗೆ ನಿಂತಿತು. ಉರ್ದು, ಮರಾಠಿ, ಕನ್ನಡಗಳಿಗೆ ಬಂದಾಗ ಚಿಕಿತ್ಸೆಯ ಅರ್ಥ ಕಳಚಿಹೋಗಿ ಕ್ಷೌರದ ಅರ್ಥ ಮಾತ್ರ ಉಳಿಯಿತು. ಕನ್ನಡದಲ್ಲಿ ಅದೂ ಕೆಟ್ಟು ‘ಹಜಾಮ’ ಎಂಬುದು ಬೈಗುಳವಾಗಿ ಪರಿಣಮಿಸಿತು. ನೋವನ್ನು ಹೀರಿ ತೆಗೆಯುವವನು ಎಂಬ ಹೆಸರು ಮನುಷ್ಯನನ್ನು ನೋಯಿಸುವ ಮಾತಾದುದು ನಮ್ಮ ಸಮಾಜದ ಚರಿತ್ರೆಯ ಒಂದು ಕಹಿ ಅಧ್ಯಾಯ.

ಇದು ಒಂದು ಶಬ್ದದ ಆಕಸ್ಮಿಕವಲ್ಲ. ಹೊಸೂರು, ತಾಳವಾಡಿಗಳ ನೆರೆಯ ತಮಿಳಿನಲ್ಲಿ ಕ್ಷೌರಿಕ ಸಮಾಜಕ್ಕೆ ‘ಮರುತ್ತುವರ್’ ಎಂಬ ಹೆಸರುಂಟು. ಅದರ ಅರ್ಥ ವೈದ್ಯರು. ಮಲಬಾರಿನ ಮುಸಲ್ಮಾನರಲ್ಲಿ ಕ್ಷೌರದ ಕೆಲಸದ ಒಸ್ಸಾನರೇ ಕೊಂಬು ಇಡುತ್ತಿದ್ದರು. ಬಂಗಾಳದಲ್ಲಿ ಅಲೆಮಾರಿಗಳಾದ ಬೇದೆ ಜನರ ಹೆಂಗಸರು ಊರೂರಿಗೆ ಕೊಂಬನ್ನು ಹೊತ್ತು ಹೋಗಿ ಈ ಚಿಕಿತ್ಸೆಯನ್ನು ಮಾಡುತ್ತಿದ್ದರು. ಶಾಸ್ತ್ರವನ್ನು ಬರೆದವರು ಬೇರೆ, ಕೈಯಿಂದ ಮಾಡಿದವರು ಬೇರೆ ಆದರು. ಬರೆದವರಿಗೆ ಗೌರವ, ಮಾಡಿದವರಿಗೆ ತಿರಸ್ಕಾರ ಎಂಬ ವಿಭಾಗವಾಯಿತು.

ಯೂರೋಪಿನಲ್ಲಿಯೂ ಮೊದಲು ಹೀಗೆಯೇ ಇದ್ದಿತು. ೧೨೧೫ರಲ್ಲಿ ರೋಮಿನ ಲ್ಯಾಟರನ್ ಧರ್ಮಸಭೆಯು ಮೇಲುದರ್ಜೆಯ ಪಾದ್ರಿಗಳು ಕೊಯ್ಯುವ, ಸುಡುವ ಚಿಕಿತ್ಸೆಗಳನ್ನು ಮಾಡಕೂಡದೆಂದು ವಿಧಿಸಿತು. ಅಂಥ ಕೆಲಸಗಳು ಬಹುಮಟ್ಟಿಗೆ ಕ್ಷೌರಿಕರ ಪಾಲಿಗೆ ಬಂದವು. ಲಂಡನ್ನಿನಲ್ಲಿ ೧೫೪೦ರಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘವಾಗಿ ಕೂಡಿದರು, ೧೭೪೫ರಲ್ಲಿ ಬೇರೆಯಾದರು. ೧೮೦೦ರಲ್ಲಿ ಅಲ್ಲಿನ ಶಸ್ತ್ರವೈದ್ಯರ ಸಂಸ್ಥೆಗೆ ರಾಜಮುದ್ರೆಯ ಮನ್ನಣೆ ದೊರೆಯಿತು. ಅಲ್ಲಿ ಕ್ಷೌರದ ಕತ್ತಿಯ ಪಕ್ಕದಿಂದ ಎದ್ದ ವಿದ್ಯೆಗೆ ಕಾಲೇಜು, ಪರೀಕ್ಷೆ, ಪದವಿಗಳು ಬಂದು ಅದು ಮೇಲೇರಿತು. ನಮ್ಮಲ್ಲಿ ಆ ಕೈಗಳಿಗೆ ಶಾಲೆಯ ಬಾಗಿಲೇ ತೆರೆಯಲಿಲ್ಲ.

ಸಿದ್ಧಾಂತಗಳು ಬಿದ್ದ ಬಗೆ

ಬಟ್ಟಲು ಏಕೆ ಅಂಟಿಕೊಳ್ಳುತ್ತದೆ? ಇದಕ್ಕೆ ಸರಿಯಾದ ಉತ್ತರ ದೊರೆತುದು ೧೭ನೆಯ ಶತಮಾನದಲ್ಲಿ. ೧೬೪೩ರಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ಗಾಳಿಗೆ ಒತ್ತಡವಿದೆಯೆಂಬುದನ್ನು ತೋರಿಸಿದನು. ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಈ ಒತ್ತಡ. ಬಟ್ಟಲಿನೊಳಗೆ ಬೆಂಕಿಯಿಟ್ಟಾಗ ಗಾಳಿ ಕಾದು ಹಿಗ್ಗಿ ಕೆಲಮಟ್ಟಿಗೆ ಹೊರಗೆ ಹೋಗುತ್ತದೆ. ಚರ್ಮದ ಮೇಲೆ ಬೋರಲಿಟ್ಟೊಡನೆ ಉರಿ ಆರಿ, ಉಳಿದ ಗಾಳಿ ತಣ್ಣಗಾಗಿ ಒತ್ತಡ ಕುಗ್ಗುತ್ತದೆ. ಆಗ ಒಳಗಿನ ಮಾಂಸ ಬಟ್ಟಲಿನತ್ತ ಉಬ್ಬುತ್ತದೆ. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಹಚ್ಚಿ ಗಾಜಿನ ಲೋಟವನ್ನು ಬೋರಲಿಟ್ಟಾಗ ನೀರು ಮೇಲೇರುವುದನ್ನು ನಾವು ತರಗತಿಗಳಲ್ಲಿ ತೋರಿಸುವುದಿಲ್ಲವೆ? ಅಲ್ಲಿಯೂ ಮುಖ್ಯ ಕಾರಣ ಕಾದ ಗಾಳಿ ತಣಿಯುವುದೇ. ದೀಪವಿಟ್ಟ ಸೋರೆಯಲ್ಲಿ ಸುಶ್ರುತನ ಕಾಲದವರು ಬಳಸಿದ ಭೌತಶಾಸ್ತ್ರ ಇದೇ. ಆದರೆ ಅವರ ವಿವರಣೆ ಬೇರೆ.

ಎರಡನೆಯ ಪೆಟ್ಟು ಎಣಿಕೆಯಿಂದ ಬಂದಿತು. ೧೯ನೆಯ ಶತಮಾನದ ಆರಂಭದಲ್ಲಿ ರಕ್ತ ತೆಗೆಯುವ ಚಿಕಿತ್ಸೆ ಯೂರೋಪಿನಲ್ಲಿ ಉಚ್ಛ್ರಾಯಸ್ಥಿತಿಯಲ್ಲಿದ್ದಿತು. ಲಂಡನ್ನಿನಲ್ಲಿ ಬಟ್ಟಲು ಹಚ್ಚುವುದನ್ನೇ ವೃತ್ತಿಯಾಗಿ ಮಾಡುತ್ತಿದ್ದ ಥಾಮಸ್ ಮೇಪಲ್‌ಸನ್ ೧೮೧೩ರಲ್ಲಿ ಈ ಕಲೆಯ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದನು. ಆದರೆ ೧೮೩೫ರಲ್ಲಿ ಪ್ಯಾರಿಸಿನ ವೈದ್ಯ ಪಿಯರ್ ಲೂಯಿ ರಕ್ತಸ್ರಾವ ಚಿಕಿತ್ಸೆಯ ಮೇಲಿನ ತನ್ನ ಗ್ರಂಥವನ್ನು ಪ್ರಕಟಿಸಿ, ೭೭ ಮಂದಿ ನ್ಯುಮೋನಿಯಾ ರೋಗಿಗಳನ್ನು ಎಣಿಸಿ ಹೋಲಿಸಿ, ಅದರ ಪ್ರಯೋಜನ ಜನ ನಂಬಿದ್ದಕ್ಕಿಂತ ಬಹಳ ಕಡಿಮೆಯೆಂದು ತೋರಿಸಿದನು. ಹಿರಿಯರು ಹೇಳಿದರು ಎಂಬ ಪ್ರಮಾಣದ ಸ್ಥಾನದಲ್ಲಿ ಎಷ್ಟು ಮಂದಿಗೆ ಗುಣವಾಯಿತು ಎಂಬ ಪ್ರಶ್ನೆ ಬಂದಿತು. ಆ ಶತಮಾನ ಮುಗಿಯುವಷ್ಟರಲ್ಲಿ ರಕ್ತ ತೆಗೆಯುವ ಪದ್ಧತಿ ಬಹುಮಟ್ಟಿಗೆ ಹಿಂದೆ ಸರಿಯಿತು. ಒಣ ಬಟ್ಟಲುಗಳು ಮಾತ್ರ ಇನ್ನೂ ಕೆಲವು ಕಾಲ ಉಳಿದವು. ೧೯೨೯ರಲ್ಲಿ ಪ್ಯಾರಿಸಿನ ಒಂದು ಆಸ್ಪತ್ರೆಯಲ್ಲಿ ತನಗೆ ಬಟ್ಟಲುಗಳನ್ನು ಹಚ್ಚಿದ ಸಂಗತಿಯನ್ನು ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ ೧೯೪೬ರ ಒಂದು ಪ್ರಬಂಧದಲ್ಲಿ ದಾಖಲಿಸಿದ್ದಾನೆ.

ಮರಳಿ ಬಂದ ಬಟ್ಟಲು

ಚೀನದಲ್ಲಿಯೂ ಅರಬ್ ದೇಶಗಳಲ್ಲಿಯೂ ಈ ಪದ್ಧತಿ ಎಂದೂ ಪೂರ್ತಿಯಾಗಿ ಅಳಿಯಲಿಲ್ಲ. ನಮ್ಮ ದೇಶದಲ್ಲಿ ಯುನಾನಿ ವೈದ್ಯರು ಇದನ್ನು ಉಳಿಸಿಕೊಂಡು ಬಂದರು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ ಹಿಜಾಮಾವನ್ನು ಕಲಿಸುವುದೂ ಪ್ರಯೋಗಿಸುವುದೂ ನಡೆದಿದೆ. ಫಿಜಿಯೋಥೆರಪಿಯವರು ಸಾಮಾನ್ಯವಾಗಿ ತೆಗೆದುಕೊಂಡಿರುವುದು ಒಣ ಪದ್ಧತಿಯನ್ನು. ಬೆಂಕಿಯ ಬದಲು ಕೈಪಂಪಿನಿಂದ ಗಾಳಿಯನ್ನು ಎಳೆಯುವುದು, ಎಣ್ಣೆ ಸವರಿ ಬಟ್ಟಲನ್ನು ಜಾರಿಸುವುದು ಇದರ ಈಚಿನ ರೂಪಗಳು.

ಮೂರು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವ ನೋವನ್ನು ದೀರ್ಘಕಾಲಿಕ ನೋವೆಂದು ಇಂದಿನ ವೈದ್ಯರು ಎಣಿಸುತ್ತಾರೆ. ಇಂಥ ನೋವಿಗೆ ಬಟ್ಟಲಿನಿಂದ ಉಪಯೋಗವುಂಟೆ? ಕತ್ತು, ಸೊಂಟಗಳ ನೋವಿನಲ್ಲಿ ಅಲ್ಪಕಾಲದ ಉಪಶಮನ ಕಂಡುಬರುವುದೆಂದು ಹಲವು ಪರಿಶೀಲನೆಗಳು ಹೇಳಿವೆ. ಆದರೆ ಅವುಗಳ ಆಧಾರ ದೃಢವಾದುದಲ್ಲವೆಂದೂ ಅವೇ ಹೇಳಿವೆ. ಇದರ ಪರೀಕ್ಷೆಯಲ್ಲಿ ಒಂದು ತೊಡಕುಂಟು: ಗುಳಿಗೆಯ ಬದಲು ಹುಸಿ ಗುಳಿಗೆ ಕೊಡಬಹುದು, ಬಟ್ಟಲಿನ ಬದಲು ಹುಸಿ ಬಟ್ಟಲನ್ನು ಹೇಗೆ ಇಡುವುದು? ಜರ್ಮನಿಯ ಸಂಶೋಧಕರು ಗಾಳಿ ಒಳಹೋಗುವಂತೆ ರಂಧ್ರವಿರುವ ಬಟ್ಟಲುಗಳನ್ನು ಮಾಡಿಕೊಂಡು, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ವ್ಯಾಧಿಯ ೧೪೧ ರೋಗಿಗಳ ಮೇಲೆ ಪರೀಕ್ಷಿಸಿ ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಟ್ಟಲು ಇಟ್ಟವರ ಸ್ಥಿತಿ ವಾಡಿಕೆಯ ಉಪಚಾರ ಮಾತ್ರ ಪಡೆದವರಿಗಿಂತ ಉತ್ತಮವಾಗಿದ್ದಿತು. ಆದರೆ ಹುಸಿ ಬಟ್ಟಲು ಇಟ್ಟವರಿಗಿಂತ ಉತ್ತಮವಾಗಿರಲಿಲ್ಲ. ಎಂದರೆ ಉಪಶಮನದ ಬಹುಭಾಗ ಬಟ್ಟಲಿನ ಸೆಳೆತದಿಂದಲ್ಲದೆ ಸ್ಪರ್ಶ, ಆರೈಕೆ, ನಿರೀಕ್ಷೆಗಳಿಂದ ಬಂದಿರಬಹುದು. ನೋವಿನಲ್ಲಿರುವವನಿಗೆ ಇವು ಅಲ್ಪವಾದುವೆಂದು ನಾನು ಹೇಳಲಾರೆ. ಆದರೆ ಇವನ್ನು ಕೊಂಬಿನ ಮಹಿಮೆಯೆಂದೂ ಹೇಳಲಾಗದು.

ದುಂಡು ಗುರುತುಗಳು ಹೊರಬಂದ ವಿಷವಲ್ಲ. ಸಣ್ಣ ರಕ್ತನಾಳಗಳು ಒಡೆದು ಚರ್ಮದಡಿಯಲ್ಲಿ ಹರಡಿದ ರಕ್ತ. ಕೆಲವು ದಿನಗಳಲ್ಲಿ ಅವು ಮಾಯುತ್ತವೆ. ಬೆಂಕಿಯ ಬಟ್ಟಲಿನಿಂದ ಸುಟ್ಟ ಗಾಯಗಳಾಗುವುದುಂಟು. ಹಸಿ ಪದ್ಧತಿಯಲ್ಲಿ ಅಪಾಯ ಇನ್ನೂ ಹೆಚ್ಚು: ಒಬ್ಬರಿಗೆ ಬಳಸಿದ ಅಲಗಿನಿಂದ ಮತ್ತೊಬ್ಬರಿಗೆ ಕಾಮಾಲೆಯ ವೈರಾಣು, ಎಚ್‌ಐವಿ ತಗಲಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರು, ರಕ್ತಸ್ರಾವದ ವ್ಯಾಧಿಯುಳ್ಳವರು ಇದರಿಂದ ದೂರವಿರಬೇಕು. ಬಹುಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ ರೋಗಿಗೆ ತಿಳುವಳಿಕೆ ಕೊಡುವುದೂ ಕ್ರಮಬದ್ಧವಾದ ವ್ಯಾಯಾಮವೂ ಸೇರಿವೆ. ಬಟ್ಟಲು ಇಟ್ಟರೂ ಅದು ವ್ಯಾಯಾಮದ ಜೊತೆಗಿರಬೇಕು, ಅದರ ಬದಲಿಗಲ್ಲ.

ಅಧ್ಯಾಪಕರ ಕರ್ತವ್ಯ

ಮೇಲಿನ ವಿವರಗಳಿಂದ ಸಿದ್ಧವಾಗುವುದೇನು? ಪ್ರಾಚೀನತೆಯು ಪರೀಕ್ಷೆಗೆ ಯೋಗ್ಯವೆಂಬುದಕ್ಕೆ ಕಾರಣವಾಗಬಹುದೇ ಹೊರತು ಪರೀಕ್ಷೆಯ ಫಲವಾಗಲಾರದು. ಎರಡು ಸಾವಿರ ವರ್ಷ ನಾಲ್ಕು ನಾಗರಿಕತೆಗಳು ಬಳಸಿದ ಸಾಧನವನ್ನು ಮೂಢತನವೆಂದು ತಳ್ಳುವುದು ಉದ್ಧಟತನ. ಅಷ್ಟು ಕಾಲ ಬಳಸಿದರೆಂಬ ಒಂದೇ ಕಾರಣಕ್ಕೆ ಬೆನ್ನು ಕೊಡುವುದು ಅವಿವೇಕ. ಈ ವಿವೇಕವನ್ನು ವಿದ್ಯಾರ್ಥಿಗಳಿಗೆ ಕಲಿಸಲು ಕೊಂಬಿನ ಚರಿತ್ರೆ ಒಳ್ಳೆಯ ಪಾಠ.

ಎರಡನೆಯದು, ಆ ಶಬ್ದದ ವಿಷಯ. ಸವಿತಾ, ಹಡಪದ ಸಮಾಜಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆ ಬೈಗುಳ ಶಾಲೆಯ ಅಂಗಳದಲ್ಲಿ ಕೇಳಿಬಂದಾಗ ಗದರಿಸಿ ಸುಮ್ಮನಾಗುವುದು ಸಾಲದು. ಆ ಮಾತಿನ ಮೂಲವನ್ನೂ ಅದು ಕೆಟ್ಟ ಬಗೆಯನ್ನೂ ಇಡೀ ತರಗತಿಗೆ ತಿಳಿಸಿ ಹೇಳಿದರೆ, ಬೈದ ಹುಡುಗನೂ ಬೈಸಿಕೊಂಡ ಹುಡುಗನೂ ಚರಿತ್ರೆಯ ಒಂದು ಪಾಠವನ್ನು ಒಟ್ಟಿಗೆ ಕಲಿತಂತಾಗುವುದು.

ಮೂರನೆಯದು ಸಂಶೋಧನೆಯ ಕೆಲಸ. ಕೊಂಬು ಹಚ್ಚುತ್ತಿದ್ದವರು ನಮ್ಮ ಗಡಿಯ ಹಳ್ಳಿಗಳಲ್ಲಿ ಇನ್ನು ಎಷ್ಟು ಮಂದಿ ಉಳಿದಾರು? ಯಾವ ಪಶುವಿನ ಕೊಂಬು, ತುದಿಯನ್ನು ಏತರಿಂದ ಮುಚ್ಚುತ್ತಿದ್ದರು, ಯಾವ ನೋವಿಗೆ ಎಲ್ಲಿ ಇಡುತ್ತಿದ್ದರು, ಕೂಲಿಯಾಗಿ ಕಾಳೋ ಕಾಸೋ, ಆ ಊರಿನ ಭಾಷೆಯಲ್ಲಿ ಇದರ ಹೆಸರೇನು, ಇವನ್ನೆಲ್ಲ ವಿಚಾರಿಸಿ ಬರೆದಿಡಲು ಗಡಿನಾಡಿನ ಅಧ್ಯಾಪಕರಿಗಿಂತ ಅನುಕೂಲವುಳ್ಳವರು ಇಲ್ಲ. ಒಬ್ಬೊಬ್ಬರು ತಮ್ಮ ಶಾಲೆಯಿರುವ ಊರಿನ ಒಂದೊಂದು ವಿವರವನ್ನು ಹೇಳಿದವರ ಸಮ್ಮತಿಯಿಂದ ಬರೆದು ಸಂಘಕ್ಕೆ ಕಳಿಸಿದರೂ ಸಾಕು. ಗ್ರಂಥಗಳಲ್ಲಿ ದೊರೆಯದ ಅರ್ಧ ಚರಿತ್ರೆ ನಮ್ಮ ಕೈಯಿಂದ ಉಳಿದೀತು.